ಪ್ಲಗ್ ಆಂಡ್ ಪ್ಲೇ ಗೇಮ್‌ಗಳ ಚಿಪ್ ಓದುವುದು, ತಂತಿ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿಗೆ ನೇರವಾಗಿ ಸಿಕ್ಕಿಸಿ ಆಡುವ ಹಳೆಯ ಗೇಮ್ ಯಂತ್ರಗಳನ್ನು ಬಿಚ್ಚಿ, ಅವುಗಳ ಚಿಪ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು, ಅಂದರೆ ಡಂಪ್ ತೆಗೆಯಲು, ಹೊರಟವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಬೆಸುಗೆ ಹಾಕುವ ಕೈ ಒಂದಿಷ್ಟು ಪಳಗಿದೆ, ಮಲ್ಟಿಮೀಟರ್ ಬಳಸಲು ಬರುತ್ತದೆ ಎಂದು ಭಾವಿಸಿಕೊಂಡಿದ್ದೇನೆ.

ಈ ಯಂತ್ರಗಳೊಳಗೆ ಇರುವುದಾದರೂ ಏನು?

ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ. ಒಂದು ಮುಖ್ಯ ಚಿಪ್, ಆಟಗಳನ್ನು ಹೊತ್ತ ಒಂದು ಮೆಮರಿ ಚಿಪ್, ಒಂದು ಕ್ರಿಸ್ಟಲ್, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್, ಗುಂಡಿಗಳು ಮತ್ತು ಟಿವಿಗೆ ಹೋಗುವ ವಿಡಿಯೊ ಹಾಗೂ ಆಡಿಯೊ ತಂತಿಗಳು, ಸಾಮಾನ್ಯವಾಗಿ ಇಷ್ಟೇ. ಮುಖ್ಯ ಚಿಪ್ಪಿನಲ್ಲಿ ಪ್ರೊಸೆಸರ್, ಚಿತ್ರ ಮೂಡಿಸುವ ಭಾಗ ಮತ್ತು ಧ್ವನಿಯ ಭಾಗ ಮೂರೂ ಒಂದಾಗಿರುತ್ತವೆ. 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ಇಡೀ ಸರ್ಕ್ಯೂಟನ್ನು ಒಂದೇ ಚಿಪ್ಪಿಗೆ ಇಳಿಸಿದ ನಕಲುಗಳು ಈ ವರ್ಗದಲ್ಲಿ ಹೇರಳವಾಗಿವೆ, ವಿ.ಆರ್. ಟೆಕ್ನಾಲಜಿಯ ವಿಟಿ02, ವಿಟಿ03 ಸರಣಿಯ ಚಿಪ್‌ಗಳು ಅದೇ ಮನೆತನದ ಸುಧಾರಿತ ಸಂತಾನ. ಇನ್ನೊಂದು ದೊಡ್ಡ ಗುಂಪು ಸನ್‌ಪ್ಲಸ್ ಕಂಪನಿಯ 16 ಬಿಟ್ ಎಸ್‌ಪಿಜಿ ಚಿಪ್‌ಗಳದ್ದು, ಮತ್ತೊಂದು ಕ್ಸಾವಿಕ್ಸ್ ಚಿಪ್‌ಗಳದ್ದು. ನಿಮ್ಮ ಯಂತ್ರ ಯಾವ ಗುಂಪಿನದು ಎಂಬುದು ಡಂಪ್ ತೆಗೆಯುವಾಗ ಅಷ್ಟಾಗಿ ಮುಖ್ಯವಾಗುವುದಿಲ್ಲ. ತೆಗೆದದ್ದು ಸರಿಯೇ ಎಂದು ಪರೀಕ್ಷಿಸುವಾಗ ಮಾತ್ರ ಅದೇ ನಿರ್ಣಾಯಕವಾಗುತ್ತದೆ.

ಪೆಟ್ಟಿಗೆಯ ಮೇಲೆ ಲಕ್ಷಾಂತರ ಆಟಗಳಿವೆ ಎಂದು ಬರೆದಿದೆ. ಚಿಪ್‌ನಲ್ಲಿ ಅಷ್ಟು ಜಾಗವಿರುತ್ತದೆಯೇ?

ಇರುವುದಿಲ್ಲ. ಕೆಲವೇ ಆಟಗಳನ್ನು ಬೇರೆ ಬೇರೆ ಹಂತದಿಂದ, ಬೇರೆ ಹೆಸರಿನಿಂದ ಮೆನುವಿನಲ್ಲಿ ಮತ್ತೆ ಮತ್ತೆ ತೋರಿಸಿರುತ್ತಾರೆ. ಚಿಪ್‌ನ ಗಾತ್ರ ಲೆಕ್ಕ ಹಾಕುವಾಗ ಪೆಟ್ಟಿಗೆಯ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಡಂಪ್ ಎಂದರೆ ಸರಳವಾಗಿ ಏನು?

ಮೆಮರಿ ಚಿಪ್ ಒಂದು ದೊಡ್ಡ ಕಪಾಟಿನಂತೆ. ಅಡ್ರೆಸ್ ಲೈನ್‌ಗಳ ಮೂಲಕ ಖಾನೆಯ ಸಂಖ್ಯೆಯನ್ನು ಕೊಟ್ಟರೆ ಡೇಟಾ ಲೈನ್‌ಗಳ ಮೂಲಕ ಆ ಖಾನೆಯಲ್ಲಿರುವುದು ಹೊರಗೆ ಬರುತ್ತದೆ. ಸೊನ್ನೆಯಿಂದ ಕೊನೆಯವರೆಗೆ ಪ್ರತಿ ಖಾನೆಯನ್ನೂ ಕೇಳಿ, ಬಂದ ಉತ್ತರವನ್ನು ಅದೇ ಕ್ರಮದಲ್ಲಿ ಕಡತಕ್ಕೆ ಬರೆದರೆ ಅದೇ ಡಂಪ್. ಕೆಲಸ ಇಷ್ಟು ಸರಳವಾದ್ದರಿಂದಲೇ ಮೋಸ ಹೋಗುವುದೂ ಸುಲಭ: ನಲವತ್ತು ತಂತಿಗಳಲ್ಲಿ ಒಂದು ಸಡಿಲವಾಗಿದ್ದರೂ ಕಡತ ಸಿದ್ಧವಾಗುತ್ತದೆ, ಗಾತ್ರವೂ ಸರಿಯಾಗಿಯೇ ಇರುತ್ತದೆ, ಒಳಗಿರುವುದು ಮಾತ್ರ ಕಸ.

ಪೆಟ್ಟಿಗೆ ಬಿಚ್ಚಿದೊಡನೆ ಮಾಡಬೇಕಾದ ಮೊದಲ ಕೆಲಸವೇನು?

ಸೋಲ್ಡರಿಂಗ್ ಐರನ್ ಕಾಯಿಸುವುದಂತೂ ಅಲ್ಲ. ಬೋರ್ಡಿನ ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ತೆಗೆದುಕೊಳ್ಳಿ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂಬುದು ಚಿತ್ರದಲ್ಲಿ ಕಾಣಬೇಕು. ನಂತರ ಯಂತ್ರಕ್ಕೆ ವಿದ್ಯುತ್ ಕೊಟ್ಟು ಅದು ಸರಿಯಾಗಿ ಓಡುತ್ತಿದೆಯೇ ನೋಡಿ, ಮೆಮರಿ ಚಿಪ್‌ಗೆ ವಿದ್ಯುತ್ ಬರುವ ವಿಸಿಸಿ ಪಿನ್‌ನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಓಡುವ ಸ್ಥಿತಿಯಲ್ಲಿ ಮಾತ್ರ ಸಿಗುವ ಮಾಹಿತಿ ಇದು. ಚಿಪ್ ಬಿಡಿಸಿದ ಮೇಲೆ ಅದನ್ನು ಊಹಿಸಬೇಕಾಗುತ್ತದೆ.

ನನ್ನ ಬೋರ್ಡಿನಲ್ಲಿರುವುದು ಯಾವ ಬಗೆಯ ಮೆಮರಿ ಎಂದು ತಿಳಿಯುವುದು ಹೇಗೆ?

ಆಕಾರವೇ ಬಹುಪಾಲು ಹೇಳುತ್ತದೆ. ತೆಳ್ಳಗೆ, ಎರಡು ತುದಿಗಳಲ್ಲಿ ತಲಾ 24 ಕಾಲುಗಳು, ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್ ಅಂತರ ಇದ್ದರೆ ಅದು ಟಿಎಸ್‌ಒಪಿ-48. ಒಳಗಿರುವುದು ಬಹುತೇಕ ಪ್ಯಾರಲಲ್ ನಾರ್ ಫ್ಲ್ಯಾಶ್ (ಅಳಿಸಿ ಮತ್ತೆ ಬರೆಯಬಹುದಾದ, ಖಾನೆ ಖಾನೆಯಾಗಿ ಓದುವ ಮೆಮರಿ) ಅಥವಾ ಮಾಸ್ಕ್ ರೋಮ್ (ತಯಾರಿಸುವಾಗಲೇ ಬರೆದಿಟ್ಟ, ಓದಲು ಮಾತ್ರ ಬರುವ ಮೆಮರಿ), ಅಪರೂಪಕ್ಕೆ ನ್ಯಾಂಡ್ ಫ್ಲ್ಯಾಶ್ (ಪುಟ ಪುಟವಾಗಿ ಓದುವ ಮೆಮರಿ). ಕಾಲುಗಳ ಅಂತರ 1.27 ಮಿಲಿಮೀಟರ್ ಇದ್ದು ಒಟ್ಟು 44 ಕಾಲುಗಳಿದ್ದರೆ ಎಸ್‌ಒಪಿ-44, ಹೆಚ್ಚಾಗಿ ಮಾಸ್ಕ್ ರೋಮ್. ಎಂಟೇ ಕಾಲುಗಳ ಪುಟ್ಟ ಚಿಪ್ ಇದ್ದು, ಮೇಲಿನ ಸಂಖ್ಯೆ 25ರಿಂದ ಆರಂಭವಾಗುವ ಸರಣಿಯದ್ದಾದರೆ ಎಸ್‌ಪಿಐ ಫ್ಲ್ಯಾಶ್, ಅಂದರೆ ಕೆಲವೇ ತಂತಿಗಳಲ್ಲಿ ಒಂದೊಂದೇ ಬಿಟ್ಟಾಗಿ ಓದುವ ಮೆಮರಿ. ಸಂಖ್ಯೆ 24ರ ಸರಣಿಯದ್ದಾದರೆ ಅದು ಅಂಕಗಳನ್ನು ನೆನಪಿಡುವ ಚಿಕ್ಕ ಇಇಪ್ರಾಮ್. ಆಟಗಳು ಅದರಲ್ಲಿ ಇರುವುದಿಲ್ಲ, ಆದರೂ ಅದನ್ನೂ ಓದಿಡಿ. ಯಾವುದೂ ಕಾಣದೆ ಬರೀ ಕರಿ ಅಂಟಿನ ಗುಳ್ಳೆಗಳಿದ್ದರೆ ಅದರ ಮಾತೇ ಬೇರೆ, ಮುಂದೆ ಬರುತ್ತದೆ.

ಗಾತ್ರದ ಲೆಕ್ಕದಲ್ಲಿ ಒಂದು ಎಚ್ಚರಿಕೆ: ಚಿಪ್‌ನ ಮೇಲಿನ ಸಂಖ್ಯೆ ಮೆಗಾಬಿಟ್‌ನಲ್ಲಿರುತ್ತದೆ, ಕಡತ ಮೆಗಾಬೈಟ್‌ನಲ್ಲಿರುತ್ತದೆ. 64 ಮೆಗಾಬಿಟ್ ಚಿಪ್ ಕೊಡುವುದು 8 ಮೆಗಾಬೈಟ್. ಅಡ್ರೆಸ್ ಲೈನ್‌ಗಳಿಂದಲೂ ಲೆಕ್ಕ ಹಾಕಬಹುದು: 22 ಲೈನ್‌ಗಳು, ಪ್ರತಿ ಖಾನೆಗೆ 16 ಬಿಟ್ ಎಂದರೆ ಅದೇ 8 ಮೆಗಾಬೈಟ್.

ಯಾವ ಉಪಕರಣಗಳು ಬೇಕು?

ಟಿಎಲ್866 ಅಥವಾ ಟಿ48ರಂಥ ಸಿದ್ಧ ಪ್ರೋಗ್ರಾಮರ್ (ಚಿಪ್ ಓದುವ, ಬರೆಯುವ ಉಪಕರಣ) ಮತ್ತು ಅದಕ್ಕೆ ಹೊಂದುವ ಅಡಾಪ್ಟರ್ ಇದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಮಾಸ್ಕ್ ರೋಮ್ ಓದುವಾಗ ಪ್ರೋಗ್ರಾಮರ್ ಗುರುತಿನ ಸಂಖ್ಯೆಯನ್ನು ಕೇಳಿ, ಉತ್ತರ ಬಾರದೆ ನಿಂತುಬಿಡುತ್ತದೆ. ಪಿನ್‌ಗಳೂ ಗಾತ್ರವೂ ಹೊಂದುವ ಒಂದು ಫ್ಲ್ಯಾಶ್ ಚಿಪ್‌ನ ಹೆಸರನ್ನು ಆರಿಸಿ, ಗುರುತು ಪರೀಕ್ಷೆಯನ್ನು ನಿಲ್ಲಿಸಿದರೆ ಓದು ಮುಂದುವರಿಯುತ್ತದೆ. ಅಳಿಸುವ ಗುಂಡಿ ಓದುವ ಗುಂಡಿಯ ಪಕ್ಕದಲ್ಲೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ಸಿದ್ಧ ಉಪಕರಣ ಇಲ್ಲದವರು ಮೈಕ್ರೊಕಂಟ್ರೋಲರ್ ಬಳಸಬಹುದು. ಆರ್ಡುಯಿನೊ ಮೆಗಾದಲ್ಲಿ 54 ಡಿಜಿಟಲ್ ಪಿನ್‌ಗಳಿರುವುದರಿಂದ ಎಲ್ಲ ಲೈನ್‌ಗಳನ್ನೂ ನೇರವಾಗಿ ಜೋಡಿಸಲು ಸಾಧ್ಯ. ಪಿನ್‌ಗಳು ಕಡಿಮೆಯಿರುವ ರಾಸ್ಪ್‌ಬೆರಿ ಪೈ ಪಿಕೊದಂಥ ಬೋರ್ಡಿಗೆ ಅಡ್ರೆಸ್ ಕೊಡಲು ಕೆಲವೇ ಪಿನ್‌ಗಳಿಂದ ಹಲವು ಲೈನ್‌ಗಳನ್ನು ನಡೆಸುವ 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್‌ಗಳನ್ನು ಸೇರಿಸಬೇಕಾಗುತ್ತದೆ. ವೇಗದ ಚಿಂತೆ ಬೇಡ: ಸೀರಿಯಲ್ ಸಂಪರ್ಕ 115200 ಬಾಡ್‌ನಲ್ಲಿದ್ದರೆ 8 ಮೆಗಾಬೈಟ್ ಇಳಿಯಲು ಸುಮಾರು ಹನ್ನೆರಡು ನಿಮಿಷ ಸಾಕು. ಚಿಪ್‌ಗಳು ಉತ್ತರಿಸಲು ತೆಗೆದುಕೊಳ್ಳುವುದು ನೂರು ನ್ಯಾನೊಸೆಕೆಂಡಿನ ಆಸುಪಾಸು, ಆದ್ದರಿಂದ ಕಾಯಿಸುವವರು ಯಾವಾಗಲೂ ನಾವೇ.

5 ವೋಲ್ಟ್ ಕೊಡಬೇಕೇ, 3.3 ವೋಲ್ಟ್ ಕೊಡಬೇಕೇ?

ಯಂತ್ರ ಓಡುತ್ತಿದ್ದಾಗ ಅಳೆದದ್ದು ಎಷ್ಟೋ ಅಷ್ಟೇ. ಬ್ಯಾಟರಿ ಗೂಡಿನಲ್ಲಿ ನಾಲ್ಕು ಸೆಲ್‌ಗಳಿದ್ದು 6 ವೋಲ್ಟ್ ಬರುತ್ತಿದ್ದರೂ ರೆಗ್ಯುಲೇಟರ್ ದಾಟಿದ ಮೇಲೆ ಅದು 3.3 ಆಗಿರಬಹುದು. ವಿಸಿಸಿ ಪಿನ್‌ಗೆ 3.3 ಕೊಟ್ಟು, ಅಡ್ರೆಸ್ ಲೈನ್‌ಗಳಿಗೆ 5 ವೋಲ್ಟ್ ಸಂಕೇತ ಕೊಡುವುದು ತೀರಾ ಸಾಮಾನ್ಯವಾದ ತಪ್ಪು. ಆರ್ಡುಯಿನೊ ಮೆಗಾ ಕೊಡುವುದು 5 ವೋಲ್ಟ್ ಸಂಕೇತವನ್ನೇ, 3.3ರ ಚಿಪ್‌ಗೆ ಅದನ್ನು ಬಳಸುವುದಾದರೆ ನಡುವೆ ಮಟ್ಟ ಇಳಿಸುವ ಚಿಪ್ ಇರಲೇಬೇಕು. ಎಸ್‌ಪಿಐ ಫ್ಲ್ಯಾಶ್ ಓದಲು ಬಳಸುವ ಅಗ್ಗದ ಸಿಎಚ್341ಎ ಪ್ರೋಗ್ರಾಮರ್‌ಗಳಲ್ಲೂ ಕೆಲವು ಇದೇ ದೋಷದಿಂದ ಕೂಡಿವೆ: ವಿದ್ಯುತ್ 3.3, ಸಂಕೇತ 5. ಮೊದಲ ಸಲ ಬಳಸುವ ಮುನ್ನ ಮೀಟರ್ ಹಿಡಿದು ನೋಡುವುದು ಲೇಸು.

ಚಿಪ್ ಬಿಡಿಸದೆ, ಬೋರ್ಡಿನ ಮೇಲಿರುವಂತೆಯೇ ಓದಬಹುದಲ್ಲವೇ?

ಕೆಲವೊಮ್ಮೆ ಬಹುದು, ಆದರೆ ನಾನು ಅದನ್ನು ಮೊದಲ ದಾರಿಯೆಂದು ಹೇಳಲಾರೆ. ಮೆಮರಿಗೆ ವಿದ್ಯುತ್ ಕೊಟ್ಟರೆ ಅದೇ ಜಾಡಿನಲ್ಲಿರುವ ಮುಖ್ಯ ಚಿಪ್ಪೂ ಎಚ್ಚರಗೊಂಡು ತನ್ನ ಅಡ್ರೆಸ್‌ಗಳನ್ನು ಅದೇ ಲೈನ್‌ಗಳ ಮೇಲೆ ಹಾಕತೊಡಗುತ್ತದೆ. ನೀವು ಒಂದು ಕೇಳುತ್ತೀರಿ, ಅದು ಇನ್ನೊಂದು ಕೇಳುತ್ತದೆ, ಮೆಮರಿ ಯಾರಿಗೂ ಸರಿಯಾದ ಉತ್ತರ ಕೊಡುವುದಿಲ್ಲ. ಮುಖ್ಯ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಟ್ಟರೂ ಎಲ್ಲ ಚಿಪ್‌ಗಳೂ ಆಗ ಲೈನ್‌ಗಳನ್ನು ಬಿಟ್ಟುಕೊಡುತ್ತವೆ ಎಂಬ ಭರವಸೆಯಿಲ್ಲ.

ಲಾಜಿಕ್ ಅನಲೈಸರ್ (ಲೈನ್‌ಗಳ ಏರಿಳಿತವನ್ನು ದಾಖಲಿಸುವ ಉಪಕರಣ) ಕಟ್ಟಿ, ಆಟ ಓಡುವಾಗ ಹಾದುಹೋಗುವುದನ್ನು ಹಿಡಿದುಕೊಳ್ಳೋಣ ಎಂಬ ಯೋಚನೆಯೂ ಬರುತ್ತದೆ. ಆಟ ಎಂದೂ ಮುಟ್ಟದ ಖಾನೆಗಳು ಹಾಗೆ ಎಂದಿಗೂ ಸಿಗುವುದಿಲ್ಲ. ಪಿನ್‌ಗಳ ಗುರುತು ಹಿಡಿಯಲು ಅನಲೈಸರ್ ಒಳ್ಳೆಯದು, ಡಂಪ್‌ಗಲ್ಲ.

ಟಿಎಸ್‌ಒಪಿ ಚಿಪ್ಪನ್ನು ಕಾಲು ಮುರಿಯದೆ ಬಿಡಿಸುವುದು ಹೇಗೆ?

ಹಾಟ್ ಏರ್ ಇದ್ದರೆ ಸುತ್ತಲಿನ ಪ್ಲಾಸ್ಟಿಕ್ ಮತ್ತು ಕೆಪಾಸಿಟರ್‌ಗಳನ್ನು ಶಾಖ ತಡೆಯುವ ಕ್ಯಾಪ್ಟನ್ (Kapton) ಟೇಪಿನಿಂದ ಮುಚ್ಚಿ, ಫ್ಲಕ್ಸ್ ಧಾರಾಳವಾಗಿ ಹಾಕಿ, ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಎರಡೂ ಸಾಲುಗಳ ಮೇಲೆ ಸುತ್ತಿಸುತ್ತಿರಿ. ಹಾಟ್ ಏರ್ ಇಲ್ಲದಿದ್ದರೆ ಕಡಿಮೆ ಶಾಖಕ್ಕೇ ಕರಗುವ ಬೆಸುಗೆ ಲೋಹವನ್ನು ಎರಡೂ ಬದಿಯ ಕಾಲುಗಳಿಗೆ ತುಂಬಿದರೆ ಅದು ಹಳೆಯ ಬೆಸುಗೆಯೊಡನೆ ಬೆರೆತು ಸಾಕಷ್ಟು ಹೊತ್ತು ದ್ರವವಾಗಿಯೇ ಉಳಿಯುತ್ತದೆ. ಆಗ ಐರನ್ನಿನಿಂದಲೇ ಬಿಡಿಸಬಹುದು. ಯಾವ ವಿಧಾನವಾದರೂ ಚಿಪ್ಪನ್ನು ಮೀಟಬಾರದು. ತಾನಾಗಿ ಜಾರುವವರೆಗೆ ಕಾಯಬೇಕು. ಕಾಲು ಮುರಿದರೆ ಹೇಗಾದರೂ ಸರಿಪಡಿಸಬಹುದು, ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತುಬಂದರೆ ಯಂತ್ರವನ್ನು ಮತ್ತೆ ಜೋಡಿಸುವುದು ಬಲು ಕಷ್ಟ.

ಕೈಯಿಂದ ತಂತಿ ಎಳೆಯುವವರು ಯಾವ ಪಿನ್‌ಗಳ ಬಗ್ಗೆ ಎಚ್ಚರವಾಗಿರಬೇಕು?

ಅಡ್ರೆಸ್, ಡೇಟಾ ಲೈನ್‌ಗಳ ಬಗ್ಗೆ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಕೈಕೊಡುವುದು ನಿಯಂತ್ರಣದ ಪಿನ್‌ಗಳು. ಸಾಮಾನ್ಯ ಟಿಎಸ್‌ಒಪಿ-48 ನಾರ್ ಫ್ಲ್ಯಾಶ್‌ನಲ್ಲಿ 37ನೆಯದು ವಿಸಿಸಿ, 27 ಮತ್ತು 46 ಎರಡೂ ಗ್ರೌಂಡ್. 26 ಚಿಪ್ಪನ್ನು ಆರಿಸುವ ಪಿನ್, 28 ಔಟ್‌ಪುಟ್ ತೆರೆಯುವ ಪಿನ್. ಇವೆರಡೂ ಕೆಳಮಟ್ಟದಲ್ಲಿದ್ದರೆ, ಅಂದರೆ ಗ್ರೌಂಡಿನ ಮಟ್ಟದಲ್ಲಿದ್ದರೆ, ಮಾತ್ರ ಡೇಟಾ ಹೊರಬರುತ್ತದೆ. 11ನೆಯದು ಬರೆಯುವ ಪಿನ್, 12ನೆಯದು ರೀಸೆಟ್; ಓದುವಾಗ ಇವೆರಡನ್ನೂ ಮೇಲ್ಮಟ್ಟಕ್ಕೆ, ಅಂದರೆ ವಿಸಿಸಿಗೆ, ಕಟ್ಟಿಬಿಡಿ, ತೇಲಲು ಬಿಡಬೇಡಿ. 47ನೆಯದು 8 ಬಿಟ್ ಓದೋ 16 ಬಿಟ್ ಓದೋ ಎಂದು ನಿರ್ಧರಿಸುವ ಪಿನ್. ಅದು ಕೆಳಮಟ್ಟದಲ್ಲಿದ್ದರೆ 45ನೆಯ ಪಿನ್ ಡೇಟಾ ಲೈನಿನ ವೇಷ ಕಳಚಿ ಅತಿ ಕೆಳಗಿನ ಅಡ್ರೆಸ್ ಲೈನ್ ಆಗುತ್ತದೆ. ಇದನ್ನು ಗಮನಿಸದೆ ಒಂದಿಡೀ ದಿನ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ತಂತಿಗಳು ಒಂದು ಗೇಣು ಮೀರದಿರಲಿ, 30 ಗೇಜಿನ ಒಂಟಿ ಎಳೆಯವಾಗಿರಲಿ, ವಿಸಿಸಿ ಮತ್ತು ಗ್ರೌಂಡ್ ನಡುವೆ ಚಿಪ್‌ಗೆ ಒತ್ತಿಕೊಂಡಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದಿರಲಿ. ಒಂದೊಂದು ತಂತಿ ಹಾಕಿದ ಮೇಲೂ ಪಕ್ಕದ ಪಿನ್‌ನೊಡನೆ ಶಾರ್ಟ್ ಆಗಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಿ.

ಬೋರ್ಡಿನ ಮೇಲೆ ಕಾಲಿರುವ ಚಿಪ್ಪೇ ಇಲ್ಲ, ಬರೀ ಕರಿ ಗುಳ್ಳೆಗಳು. ಈಗೇನು ಮಾಡುವುದು?

ಗುಳ್ಳೆಗಳನ್ನು ಎಣಿಸಿ. ಬೆತ್ತಲೆ ಚಿಪ್ಪನ್ನು ಬೋರ್ಡಿಗೇ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಅದಕ್ಕೆ ಶಾಖ ಕೊಟ್ಟರೆ ಅಥವಾ ಮೀಟಿದರೆ ಆ ತಂತಿಗಳು ತುಂಡಾಗುತ್ತವೆ.

ಎರಡು ಗುಳ್ಳೆಗಳಿದ್ದು ಅವುಗಳ ನಡುವೆ ಹತ್ತಾರು ಸಮಾಂತರ ಜಾಡುಗಳು ಓಡುತ್ತಿದ್ದರೆ ಆಸೆಯಿದೆ: ಒಂದು ಮುಖ್ಯ ಚಿಪ್, ಇನ್ನೊಂದು ರೋಮ್, ನಡುವಿನ ಜಾಡುಗಳೇ ನಮಗೆ ಬೇಕಾದ ಲೈನ್‌ಗಳು. ಅದೃಷ್ಟವಿದ್ದರೆ ರೋಮ್ ಗುಳ್ಳೆ ಪ್ರತ್ಯೇಕವಾದ ಪುಟ್ಟ ಬೋರ್ಡಿನ ಮೇಲಿದ್ದು, ಅಂಚಿನ ಪ್ಯಾಡ್‌ಗಳಿಂದ ದೊಡ್ಡ ಬೋರ್ಡಿಗೆ ಬೆಸೆದಿರುತ್ತದೆ. ಆ ಪುಟ್ಟ ಬೋರ್ಡನ್ನು ಬಿಡಿಸಿ ಅಂಚಿನಿಂದ ತಂತಿ ಎಳೆದರೆ ಅದು ಕಾಲಿರುವ ಚಿಪ್ಪಿನಷ್ಟೇ ವಿಧೇಯ. ಎರಡೂ ಒಂದೇ ಬೋರ್ಡಿನ ಮೇಲಿದ್ದರೆ ಮುಖ್ಯ ಚಿಪ್‌ನ ಕಡೆಯ ಜಾಡುಗಳನ್ನು ಒಂದೊಂದಾಗಿ ಕತ್ತರಿಸಿ, ಓದು ಮುಗಿದ ಮೇಲೆ ಮತ್ತೆ ಬೆಸೆಯಬೇಕು. ತಾಳ್ಮೆಯ ಕೆಲಸವಾದರೂ ಮುಖ್ಯ ಗುಳ್ಳೆಯನ್ನು ಉಜ್ಜಿ ನಾಶಮಾಡುವ ದಾರಿಗಿಂತ ಇದು ಎಷ್ಟೋ ಮೇಲು. ಆ ದಾರಿಯನ್ನು ಅದೇ ಮಾದರಿಯ ಇನ್ನೊಂದು ಯಂತ್ರ ಕೈಯಲ್ಲಿದ್ದಾಗ ಮಾತ್ರ ಯೋಚಿಸಿ.

ಒಂದೇ ಗುಳ್ಳೆಯಿದ್ದು ಹೊರಗೆ ಬರೀ ಗುಂಡಿಗಳ, ವಿಡಿಯೊದ ಜಾಡುಗಳು ಕಂಡರೆ ರೋಮ್ ಒಳಗೇ ಇದೆ ಎಂದರ್ಥ.

ಗುಳ್ಳೆಯ ಮೇಲೆ ಗುರುತುಗಳಿಲ್ಲ. ಯಾವ ಜಾಡು ಯಾವ ಲೈನ್ ಎಂದು ಪತ್ತೆ ಮಾಡುವುದು ಹೇಗೆ?

ಮೊದಲು ಗ್ರೌಂಡ್ ಮತ್ತು ವಿಸಿಸಿಯನ್ನು ಬ್ಯಾಟರಿಯ ಕಡೆಯಿಂದ ಹುಡುಕಿಕೊಂಡು ಬನ್ನಿ. ಉಳಿದವಕ್ಕೆ ಓಡುತ್ತಿರುವ ಯಂತ್ರವೇ ಗುರು. ಲಾಜಿಕ್ ಅನಲೈಸರ್‌ನಲ್ಲಿ ನೋಡಿದರೆ ಅತಿ ಕೆಳಗಿನ ಅಡ್ರೆಸ್ ಲೈನ್ ಅತಿ ಹೆಚ್ಚು ಸಲ ಮೇಲೆ ಕೆಳಗೆ ಆಗುತ್ತಿರುತ್ತದೆ, ಏಕೆಂದರೆ ಪ್ರೋಗ್ರಾಮ್ ಬಹುತೇಕ ಒಂದರ ಮುಂದಿನ ಖಾನೆಯನ್ನೇ ಓದುತ್ತದೆ. ಮೇಲಿನ ಲೈನ್‌ಗಳು ಆಟ ಬದಲಿಸಿದಾಗಷ್ಟೇ ಕದಲುತ್ತವೆ. ಚಿಪ್ ಆರಿಸುವ ಪಿನ್ ಮತ್ತು ಔಟ್‌ಪುಟ್ ಪಿನ್ ಲಯಬದ್ಧವಾಗಿ ಕೆಳಗಿಳಿಯುತ್ತವೆ. ಡೇಟಾ ಲೈನ್‌ಗಳನ್ನು ಗುರುತಿಸಲು ವಿದ್ಯುತ್ ಕೊಟ್ಟ ರೋಮ್‌ನ ಔಟ್‌ಪುಟ್ ಪಿನ್ನನ್ನು ಮೇಲ್ಮಟ್ಟಕ್ಕೆ ಎಳೆದು ನೋಡಿ: ತೇಲತೊಡಗುವ ಲೈನ್‌ಗಳೇ ಡೇಟಾ ಲೈನ್‌ಗಳು. ಅವುಗಳ ಒಳಕ್ರಮ ತಪ್ಪಿದರೂ ಗಾಬರಿ ಬೇಡ, ಕ್ರಮವನ್ನು ಕಡತದಲ್ಲೇ ಆಮೇಲೆ ಸರಿಪಡಿಸಬಹುದು. ತಂತಿಯೇ ಬಿಟ್ಟುಹೋಗಿದ್ದರೆ ಮಾತ್ರ ಕಡತದಿಂದ ಏನೂ ಮಾಡಲಾಗದು.

ಎಂಟು ಕಾಲಿನ ಎಸ್‌ಪಿಐ ಫ್ಲ್ಯಾಶ್ ಇದ್ದರೆ?

ನೀವು ಅದೃಷ್ಟವಂತರು. ಫ್ಲ್ಯಾಶ್‌ರೋಮ್ ತಂತ್ರಾಂಶ ಮತ್ತು ಸರಿಯಾದ ವೋಲ್ಟೇಜಿನ ಪ್ರೋಗ್ರಾಮರ್ ಇದ್ದರೆ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. 16 ಮೆಗಾಬೈಟ್ ಮೀರಿದ ಚಿಪ್‌ಗಳಿಗೆ ಮೂರು ಬೈಟಿನ ಅಡ್ರೆಸ್ ಸಾಲದು, ನಾಲ್ಕು ಬೈಟಿನ ಕ್ರಮ ಬೇಕು ಎಂಬುದಷ್ಟೇ ನೆನಪಿರಲಿ.

ನ್ಯಾಂಡ್ ಫ್ಲ್ಯಾಶ್ ಇದ್ದರೆ?

ಪ್ರತಿ ಪುಟದ ಜೊತೆಗಿರುವ ಹೆಚ್ಚುವರಿ ಭಾಗವನ್ನೂ ಸೇರಿಸಿಯೇ ಓದಿ. 2048 ಬೈಟಿನ ಪುಟಕ್ಕೆ ಸಾಮಾನ್ಯವಾಗಿ 64 ಬೈಟ್ ಹೆಚ್ಚುವರಿ. ದೋಷ ತಿದ್ದುವ ಮಾಹಿತಿ, ಕೆಟ್ಟ ಬ್ಲಾಕ್‌ಗಳ ಗುರುತು ಅಲ್ಲೇ ಇರುತ್ತವೆ. ಅದನ್ನು ಬಿಟ್ಟು ಓದಿದ ಕಡತ ಚೊಕ್ಕಟವಾಗಿ ಕಂಡರೂ ಅರೆಬರೆ.

ತೆಗೆದ ಡಂಪ್ ಸರಿಯಾಗಿದೆ ಎಂದು ಹೇಗೆ ನಂಬುವುದು?

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಅತಿ ಕಡಿಮೆ ಜನ ಕೇಳುವುದೂ ಇದನ್ನೇ. ಕಡತ ಸಿಕ್ಕಿತು ಎಂದಾಕ್ಷಣ ಡಂಪ್ ಮುಗಿಯಿತು ಎಂದುಕೊಳ್ಳಬಾರದು.

ಮೊದಲಿಗೆ ವಿದ್ಯುತ್ ತೆಗೆದು, ಚಿಪ್ಪನ್ನು ಸಾಕೆಟ್‌ನಿಂದ ಎತ್ತಿ, ಮತ್ತೆ ಕೂರಿಸಿ ಎರಡನೆಯ ಸಲ ಓದಿ, ಎರಡೂ ಕಡತಗಳ ಎಸ್‌ಎಚ್‌ಎ-1 (ಕಡತದಲ್ಲಿರುವುದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಒಂದೇ ಕೂರಿಕೆಯಲ್ಲಿ ಹತ್ತು ಸಲ ಓದಿದರೂ ಬಿಟ್ಟುಹೋದ ತಂತಿ ಹತ್ತೂ ಸಲ ಒಂದೇ ಸುಳ್ಳು ಹೇಳುತ್ತದೆ, ಆದ್ದರಿಂದ ಎತ್ತಿ ಕೂರಿಸುವುದು ಮುಖ್ಯ. ಓದಿನಿಂದ ಓದಿಗೆ ಒಂದೆರಡು ಬೈಟ್ ಬದಲಾಗುತ್ತಿದ್ದರೆ ತಂತಿಯ ಉದ್ದ, ಕೆಪಾಸಿಟರ್, ಅಡ್ರೆಸ್ ಕೊಟ್ಟ ಮೇಲೆ ಕಾಯುವ ಅವಧಿ, ಇವನ್ನು ಈ ಕ್ರಮದಲ್ಲಿ ಅನುಮಾನಿಸಿ.

ಎರಡು ಕಡತಗಳು ಹೊಂದಿದರೂ ತಂತಿಗಳ ದೋಷ ಉಳಿದಿರಬಹುದು, ಅದನ್ನು ಕಡತವೇ ಹೇಳುವಂತೆ ಮಾಡಬಹುದು. ಎಲ್ಲ ಬೈಟುಗಳನ್ನೂ ಒಂದಕ್ಕೊಂದು ಆಂಡ್ ಮಾಡಿದರೆ (ಎಲ್ಲದರಲ್ಲೂ 1 ಇರುವ ಬಿಟ್ ಮಾತ್ರ 1 ಆಗಿ ಉಳಿಯುವ ಲೆಕ್ಕ) ಸೊನ್ನೆ ಬರಬೇಕು, ಆರ್ ಮಾಡಿದರೆ (ಯಾವುದಾದರೂ ಒಂದರಲ್ಲಿ 1 ಇದ್ದರೂ 1 ಆಗುವ ಲೆಕ್ಕ) ಎಂಟೂ ಬಿಟ್ 1 ಆಗಬೇಕು. ಹಾಗಾಗದಿದ್ದರೆ ಯಾವ ಬಿಟ್ ಕದಲಲಿಲ್ಲವೋ ಆ ಡೇಟಾ ಲೈನ್ ಸತ್ತಿದೆ. ಎರಡು ಬಿಟ್‌ಗಳು ಕಡತದುದ್ದಕ್ಕೂ ಸದಾ ಒಂದೇ ಆಗಿದ್ದರೆ ಆ ಎರಡು ಲೈನ್‌ಗಳು ಶಾರ್ಟ್ ಆಗಿವೆ. 16 ಬಿಟ್ ಓದಿನಲ್ಲಿ ಇದೇ ಪರೀಕ್ಷೆಯನ್ನು ಹದಿನಾರೂ ಬಿಟ್‌ಗಳಿಗೆ ಮಾಡಬೇಕು. ಅಡ್ರೆಸ್ ಲೈನ್ ಒಂದು ಬಿಟ್ಟುಹೋಗಿದ್ದರೆ ಕಡತದಲ್ಲಿ ಒಂದೇ ತುಂಡು ಎರಡೆರಡು ಸಲ ಬರುತ್ತಾ ಹೋಗುತ್ತದೆ, ತುಂಡಿನ ಗಾತ್ರವೇ ಯಾವ ಲೈನ್ ಎಂದು ತಿಳಿಸುತ್ತದೆ: 8 ಬಿಟ್ ಓದಿನಲ್ಲಿ 4096 ಬೈಟಿನ ತುಂಡುಗಳು ಮರುಕಳಿಸಿದರೆ ಎ0ದಿಂದ ಎಣಿಸಿದಾಗ ಸಿಗುವ ಎ12 ದೋಷಿ. ಕಡತದ ಮೊದಲರ್ಧ ಮತ್ತು ಎರಡನೆಯರ್ಧ ಒಂದೇ ಆಗಿದ್ದರೆ ಮಾತ್ರ ತೀರ್ಪು ಸುಲಭವಲ್ಲ. ಮೇಲಿನ ಲೈನ್ ಸತ್ತಿರಬಹುದು, ಅಥವಾ ಚಿಪ್ ನಿಜವಾಗಿಯೂ ನೀವೆಣಿಸಿದ್ದರ ಅರ್ಧ ಗಾತ್ರದ್ದಿರಬಹುದು.

ಕೊನೆಗೆ, ಒಳಗಿರುವುದಕ್ಕೆ ಅರ್ಥವಿದೆಯೇ ನೋಡಬೇಕು. ಫ್ಯಾಮಿಕಾಮ್ ಮನೆತನದ ಯಂತ್ರವಾದರೆ ಕಡತವನ್ನು ಟೈಲ್ ತೋರಿಸುವ ತಂತ್ರಾಂಶದಲ್ಲಿ ತೆರೆಯಿರಿ. ಅಲ್ಲಿ 8×8 ಚುಕ್ಕಿಗಳ ಒಂದು ಟೈಲ್‌ಗೆ 16 ಬೈಟ್. ಅಕ್ಷರಗಳು, ಪುಟ್ಟ ಪಾತ್ರಗಳು ಕಣ್ಣಿಗೆ ಬಿದ್ದರೆ ಡೇಟಾ ಲೈನ್‌ಗಳ ಕ್ರಮ ಸರಿಯಿದೆ. ಅಕ್ಷರಗಳು ಲಂಬವಾಗಿ ಸೀಳಿ ಅದಲುಬದಲಾಗಿ ಕಂಡರೆ ಡೇಟಾ ಲೈನ್‌ಗಳು ತಿರುವುಮುರುವಾಗಿವೆ, ಸಾಲುಗಳು ಕಲಸಿಹೋಗಿದ್ದರೆ ಕೆಳಗಿನ ಅಡ್ರೆಸ್ ಲೈನ್‌ಗಳು. ಸನ್‌ಪ್ಲಸ್ ಎಸ್‌ಪಿಜಿ ಯಂತ್ರವಾದರೆ ಸೊನ್ನೆಯಿಂದ ಎಣಿಸಿ 65527ನೆಯ 16 ಬಿಟ್ ಪದವನ್ನು ನೋಡಿ. ಪ್ರೊಸೆಸರ್ ಆರಂಭವಾಗಬೇಕಾದ ಜಾಗದ ವಿಳಾಸ ಅಲ್ಲಿರುತ್ತದೆ. ಅಲ್ಲಿ ಬರೀ ಸೊನ್ನೆಯೋ ಬರೀ ಒಂದೋ ಇದ್ದರೆ ಏನೋ ಎಡವಟ್ಟಾಗಿದೆ, ಇಲ್ಲವೇ ಪ್ರತಿ ಪದದ ಎರಡು ಬೈಟುಗಳ ಲೆಕ್ಕ ತಪ್ಪಿದೆ.

ಎಲ್ಲ ಪರೀಕ್ಷೆ ದಾಟಿದ ಡಂಪ್ ಎಮ್ಯುಲೇಟರಿನಲ್ಲಿ (ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ) ಓಡುತ್ತಿಲ್ಲ. ಏಕೆ?

ವಿಟಿ02, ವಿಟಿ03 ಚಿಪ್‌ಗಳು ಸಾಮಾನ್ಯ ಫ್ಯಾಮಿಕಾಮ್‌ನಂತೆ ಪ್ರೋಗ್ರಾಮ್ ಮತ್ತು ಚಿತ್ರಗಳನ್ನು ಎರಡು ಚಿಪ್‌ಗಳಲ್ಲಿ ಇಡುವುದಿಲ್ಲ. ಎರಡೂ ಒಂದೇ ರೋಮ್‌ನಲ್ಲಿ, ಒಂದೇ ಬಸ್‌ನಲ್ಲಿ (ಲೈನ್‌ಗಳ ಒಂದೇ ಗುಂಪಿನಲ್ಲಿ) ಇರುತ್ತವೆ. ಹಾಗಾಗಿ ಕಡತದ ಆರಂಭದಲ್ಲಿ ಎಮ್ಯುಲೇಟರಿಗೆ ಮಾಹಿತಿ ಕೊಡುವ ಶಿರೋಲೇಖವನ್ನು ಹಳೆಯ ರೀತಿಯಲ್ಲಿ ಹಚ್ಚಿದರೆ ಸಾಲದು, ಎನ್‌ಇಎಸ್ 2.0 ಎಂಬ ಶಿರೋಲೇಖದ ವಿನ್ಯಾಸದಲ್ಲಿ 256ನೆಯ ಮ್ಯಾಪರ್ (ರೋಮ್ ಜೋಡಣೆಯ ಬಗೆ) ಎಂದು ನಮೂದಿಸಬೇಕು. ಕೆಲವು ತಯಾರಕರು ನಕಲು ತಡೆಯಲೆಂದು ಸೂಚನೆಗಳ ಬಿಟ್‌ಗಳನ್ನೇ ಅದಲುಬದಲು ಮಾಡಿರುತ್ತಾರೆ. ಆಗ ಚಿತ್ರಗಳು ಸರಿಯಾಗಿ ಕಂಡರೂ ಪ್ರೋಗ್ರಾಮ್ ಓಡದು. ಮೇಮ್ ಎಮ್ಯುಲೇಟರ್ ವಿಟಿ, ಎಸ್‌ಪಿಜಿ, ಕ್ಸಾವಿಕ್ಸ್ ಮೂರೂ ಗುಂಪುಗಳ ಬಹಳಷ್ಟು ಯಂತ್ರಗಳನ್ನು ಬಲ್ಲದು, ಮೊದಲು ಅದರಲ್ಲಿ ನೋಡಿ.

ನೆನಪಿಡಬೇಕಾದ್ದೆಂದರೆ, ಓಡಿಸಲೆಂದು ತಿದ್ದಿದ ಕಡತವನ್ನು ಮೂಲ ಡಂಪ್‌ನ ಮೇಲೆ ಎಂದಿಗೂ ಉಳಿಸಬಾರದು.

ರೋಮ್ ಮುಖ್ಯ ಚಿಪ್ಪಿನೊಳಗೇ ಇದ್ದರೆ ದಾರಿಯೇ ಇಲ್ಲವೇ?

ಇದೆ, ಸುಲಭದ್ದಲ್ಲ. ಚಿಪ್ ಹೊರಗಿನ ಮೆಮರಿಯಿಂದಲೂ ಪ್ರೋಗ್ರಾಮ್ ಓಡಿಸಬಲ್ಲದಾದರೆ, ಒಳಗಿನದನ್ನು ಓದಿ ಒಂದೊಂದೇ ಬಿಟ್ಟಾಗಿ ಯಾವುದಾದರೂ ಔಟ್‌ಪುಟ್ ಪಿನ್‌ಗೆ ಕಳಿಸುವ ಪುಟ್ಟ ಪ್ರೋಗ್ರಾಮನ್ನು ಅಲ್ಲಿ ಕೂರಿಸಬಹುದು. ಅದೂ ಆಗದಿದ್ದರೆ ಆಮ್ಲದಿಂದ ಎಪಾಕ್ಸಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಬಿಟ್‌ಗಳನ್ನು ಓದುವ ವಿಧಾನ ಉಳಿಯುತ್ತದೆ. ಅದು ಪ್ರಯೋಗಾಲಯದ ಕೆಲಸ, ಮನೆಯ ಮೇಜಿನ ಮೇಲೆ ಮಾಡುವಂಥದ್ದಲ್ಲ.

ತಂತಿ ಬದಲಿಸಿ ಅಡಗಿರುವ ಆಟಗಳನ್ನು ತೆರೆಯಬಹುದೇ?

ಹಲವು ಯಂತ್ರಗಳಲ್ಲಿ ಬಹುದು. ಒಂದೇ ರೋಮನ್ನು ಹಲವು ಮಾದರಿಗಳಿಗೆ ಬಳಸುವ ತಯಾರಕರು ಮೇಲಿನ ಅಡ್ರೆಸ್ ಲೈನನ್ನು ಸೊನ್ನೆ ಓಮ್‌ನ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿ ಅರ್ಧ ಆಟಗಳನ್ನು ಮುಚ್ಚಿಟ್ಟಿರುವುದುಂಟು. ಆ ರೆಸಿಸ್ಟರ್ ತೆಗೆದು, ಲೈನಿಗೆ 10 ಕಿಲೋ ಓಮ್‌ನ ರೆಸಿಸ್ಟರನ್ನು ಗ್ರೌಂಡಿನ ಕಡೆಗೆ ಹಾಕಿ, ಒಂದು ಸ್ವಿಚ್ ಮೂಲಕ ಚಿಪ್‌ನ ವಿಸಿಸಿಗೆ ಜೋಡಿಸಿದರೆ ಎರಡೂ ಅರ್ಧಗಳು ಸಿಗುತ್ತವೆ. ಸ್ವಿಚ್ಚನ್ನು ಯಂತ್ರ ಆರಿಸಿದಾಗ ಮಾತ್ರ ಬದಲಿಸಿ. ಆ ಲೈನ್ ಮುಖ್ಯ ಚಿಪ್‌ಗೂ ಜೋಡಿಸಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ವಿನ್ಯಾಸಕಾರರೇ ಬಾಗಿಲು ತೆರೆದಿಟ್ಟ ಯಂತ್ರಗಳೂ ಇವೆ. ಜೆರಿ ಎಲ್ಸ್‌ವರ್ತ್ ಚಿಪ್ ವಿನ್ಯಾಸ ಮಾಡಿದ, 2004ರಲ್ಲಿ ಬಂದ, ಜಾಯ್‌ಸ್ಟಿಕ್ ರೂಪದ ಸಿ64 ಡೈರೆಕ್ಟ್ ಟು ಟಿವಿಯ ಬೋರ್ಡಿನಲ್ಲಿ ಕೀಬೋರ್ಡ್ ಮತ್ತು ಡಿಸ್ಕ್ ಡ್ರೈವ್ ಜೋಡಿಸುವ ಬಿಂದುಗಳಿವೆ. 2005ರ ಅಟಾರಿ ಫ್ಲ್ಯಾಶ್‌ಬ್ಯಾಕ್ 2ರ ಬೋರ್ಡಿಗೆ ಹಳೆಯ 2600ರ ಕಾರ್ಟ್ರಿಡ್ಜ್ ಸಾಕೆಟ್ ಬೆಸೆಯಬಹುದು. ತಂತಿ ಬದಲಿಸುವ ಕೈಚಳಕ ಕಲಿಯಲು ಇವೆರಡಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ತಿಳಿಯದು.

ಚಿಪ್ ಮತ್ತೆ ಬೆಸೆದ ಮೇಲೆ ಚಿತ್ರವೇ ಬರುತ್ತಿಲ್ಲ.

ಮೊದಲು ಒಂದನೆಯ ಪಿನ್ನಿನ ಗುರುತು ನೋಡಿ. ಚಿಪ್ ತಿರುಗಿ ಕುಳಿತಿರಬಹುದು, ಹಾಗಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಬಳಿಕ ಪಕ್ಕಪಕ್ಕದ ಕಾಲುಗಳ ನಡುವಿನ ಶಾರ್ಟ್, ಮೇಲಿಂದ ಸರಿಯಾಗಿ ಕಂಡರೂ ಪ್ಯಾಡಿಗೆ ತಾಗದ ಕಾಲುಗಳು. ಹಳೆಯ ಫ್ಲಕ್ಸ್‌ನ ಶೇಷವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮಾತ್ರಕ್ಕೇ ಜೀವ ಬಂದ ಬೋರ್ಡುಗಳನ್ನೂ ಕಂಡಿದ್ದೇನೆ.

ನನ್ನ ಸ್ವಂತ ಯಂತ್ರದ ಡಂಪ್ ತಾನೇ, ಎಲ್ಲರಿಗೂ ಹಂಚಬಹುದಲ್ಲವೇ?

ಯಂತ್ರ ನಿಮ್ಮದು, ಆಟದ ಹಕ್ಕುಸ್ವಾಮ್ಯ ನಿಮ್ಮದಲ್ಲ. ಸ್ವಂತಕ್ಕೆಂದು ಪ್ರತಿ ಮಾಡಿಕೊಳ್ಳುವ ವಿಚಾರದಲ್ಲೂ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಎಸ್‌ಎಚ್‌ಎ-1, ಬೋರ್ಡಿನ ಚಿತ್ರ, ಪಿನ್‌ಗಳ ಪಟ್ಟಿ ಹಂಚಿಕೊಂಡರೆ ಇತರರಿಗೆ ತಮ್ಮ ಡಂಪ್ ಪರೀಕ್ಷಿಸಿಕೊಳ್ಳಲು ಅದೇ ಬಹಳ ಉಪಯೋಗಕ್ಕೆ ಬರುತ್ತದೆ.

ಕಡತದ ಜೊತೆಗೆ ಏನೇನು ಬರೆದಿಡಬೇಕು?

ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆ ಮತ್ತು ದಿನಾಂಕ, ಚಿಪ್‌ನ ಮೇಲಿನ ಅಕ್ಷರಗಳು ಇದ್ದ ಹಾಗೆಯೇ, ಕ್ರಿಸ್ಟಲ್‌ನ ವೇಗ, ಅಳೆದ ವೋಲ್ಟೇಜ್, 8 ಬಿಟ್ ಓದೋ 16 ಬಿಟ್ ಓದೋ, ಬೈಟುಗಳ ಕ್ರಮ, ಎಷ್ಟು ಸಲ ಓದಿ ಹೊಂದಿಸಿದಿರಿ ಎಂಬುದು. ಗುಳ್ಳೆಯಿಂದ ತಂತಿ ಎಳೆದು ಓದಿದ್ದಾದರೆ ಯಾವ ಜಾಡನ್ನು ಯಾವ ಲೈನ್ ಎಂದು ತೀರ್ಮಾನಿಸಿದಿರಿ ಎಂಬ ನಕ್ಷೆಯೂ ಬೇಕು, ತೀರ್ಮಾನದ ಬಗ್ಗೆ ಅನುಮಾನ ಉಳಿದ ಲೈನ್‌ಗಳ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಸಮೇತ.